ಮನೆ ನವೀಕರಣ ಸಾಮಗ್ರಿಗಳ ಹಾನಿ: ಸರಬರಾಜುದಾರರ ವಿರುದ್ಧ ದೂರು (ಮೈಸೂರು ಜಿಲ್ಲೆ)

ಮನೆಯ ನವೀಕರಣಕ್ಕಾಗಿ ಖರೀದಿಸಿದ ಟೈಲ್ಸ್, ಗ್ರಾನೈಟ್, ಪ್ಲೈವುಡ್ ಮುಂತಾದ ಸಾಮಗ್ರಿಗಳು ಒಡೆದು ಅಥವಾ ದೋಷಪೂರಿತವಾಗಿ ಸರಬರಾಜಾದಲ್ಲಿ, ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅನ್ವಯ ಮೈಸೂರು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದಾಗಿದೆ. ಜುಲೈ 2020ರಲ್ಲಿ ಜಾರಿಗೆ ಬಂದ ಸದರಿ ಅಧಿನಿಯಮದ ಮೇರೆಗೆ, ಮಾರಾಟಗಾರರು ಬೆಂಗಳೂರಿನವರಾಗಿದ್ದರೂ ಮೈಸೂರಿನಲ್ಲಿ ವಾಸಿಸುವ ಗ್ರಾಹಕರು ಇಲ್ಲಿಯೇ ದೂರು ನೀಡಬಹುದು. ಮರುಮಾರಾಟಕ್ಕಾಗಿ ಖರೀದಿಸಿದವರಿಗೆ ಈ ಅವಕಾಶವಿರುವುದಿಲ್ಲ.

ಸಾಮಗ್ರಿಯನ್ನು ಇಳಿಸಿಕೊಳ್ಳುವಾಗಲೇ ಪರಿಶೀಲಿಸುವುದು ಅತಿ ಮುಖ್ಯ. ಸರಕುಗಳ ಮಾರಾಟ ಅಧಿನಿಯಮ, 1930ರ 42ನೇ ಕಲಂ ಪ್ರಕಾರ, ಖರೀದಿದಾರರು ತಿರಸ್ಕರಿಸುವುದಾಗಿ ತಿಳಿಸದೆ ಯುಕ್ತ ಕಾಲ ಮೀರಿ ಸರಕನ್ನು ಇಟ್ಟುಕೊಂಡಲ್ಲಿ ಅದನ್ನು ಸ್ವೀಕರಿಸಿದಂತೆ ಭಾವಿಸಲಾಗುವುದು. ಬಿರುಕು ಕಂಡ ಮೇಲೂ ಟೈಲ್ಸ್ ಅನ್ನು ನೆಲಕ್ಕೆ ಹಾಕಿಸಿದಲ್ಲಿ ಬದಲಿ ಕೋರುವುದು ಕಷ್ಟವಾಗುತ್ತದೆ. ಆದುದರಿಂದ ಪೆಟ್ಟಿಗೆಗಳನ್ನು ತೆರೆದು ನೋಡಿ, ಹಾನಿಯ ವಿವರವನ್ನು ಡೆಲಿವರಿ ಚಲನ್‌ನಲ್ಲಿಯೇ ಬರೆದು, ಸರಕು ತಂದವರ ಸಹಿ ಪಡೆಯುವುದು. ಛಾಯಾಚಿತ್ರಗಳೊಂದಿಗೆ ಅದೇ ದಿನ ಮಾರಾಟಗಾರರಿಗೆ ಲಿಖಿತವಾಗಿ ತಿಳಿಸುವುದು. ಹಾನಿಗೊಂಡ ಸಾಮಗ್ರಿಯನ್ನು ಬಿಸಾಡಬಾರದು. ಅಗತ್ಯವಿದ್ದಲ್ಲಿ ಆಯೋಗವು ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತದೆ. ಸ್ವಲ್ಪ ಹಣ ಉಳಿಸಲು ಬಿಲ್ಲಿಲ್ಲದೆ ಖರೀದಿಸಿದವರಿಗೆ ಖರೀದಿಯನ್ನು ರುಜುವಾತುಪಡಿಸುವುದೇ ತೊಡಕಾಗುತ್ತದೆ.

ಮಾರಾಟಗಾರರು ಸ್ಪಂದಿಸದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು. ಸಹಾಯವಾಣಿಯು ರಾಜಿಗೆ ಯತ್ನಿಸುತ್ತದೆಯೇ ಹೊರತು ಆದೇಶ ನೀಡುವುದಿಲ್ಲ. ಆಯೋಗಕ್ಕೆ ದೂರನ್ನು ವ್ಯಾಜ್ಯದ ಕಾರಣ ಉದ್ಭವಿಸಿದ 2 ವರ್ಷಗಳೊಳಗೆ, ಖುದ್ದಾಗಿ ಅಥವಾ ಇ-ಜಾಗೃತಿ ಜಾಲತಾಣದ ಮೂಲಕ ಸಲ್ಲಿಸತಕ್ಕದ್ದು. ಪಾವತಿಸಿದ ಬೆಲೆಯು ರೂ. 5 ಲಕ್ಷ ಮೀರದಿದ್ದಲ್ಲಿ ಶುಲ್ಕವಿಲ್ಲ. ವಕೀಲರ ನೇಮಕ ಕಡ್ಡಾಯವಲ್ಲ. ಆಯೋಗವು ಬದಲಿ ಸಾಮಗ್ರಿ, ಹಣ ವಾಪಸಾತಿ ಹಾಗೂ ನಷ್ಟ ಪರಿಹಾರಕ್ಕೆ ಆದೇಶಿಸಬಹುದು. ಆದೇಶದ ವಿರುದ್ಧ 45 ದಿನಗಳೊಳಗೆ ಬೆಂಗಳೂರಿನ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದಾಗಿದೆ.