ಮಳೆಗಾಲದ ಊರ ಪ್ರಯಾಣಕ್ಕೆ ಮುನ್ನ: ಕಾರಿನ ಆಸನ, ಕನ್ನಡಿ, ದೀಪ ಮತ್ತು ವೈಪರ್‌ಗಳ ಬಳಕೆ ಹಾಗೂ ಆರೈಕೆ

ಮುಂಬಯಿ, ಠಾಣೆ, ನವಿ ಮುಂಬಯಿಗಳಲ್ಲಿ ನೆಲೆನಿಂತ ಕನ್ನಡಿಗರಲ್ಲಿ ಸ್ವಂತ ಕಾರಿನಲ್ಲಿ ಊರಿಗೆ ಹೋಗಿಬರುವವರು ಅನೇಕರಿದ್ದಾರೆ. ಕೆಲವರು ಪುಣೆ, ಸಾತಾರಾ, ಕೊಲ್ಹಾಪುರ, ಬೆಳಗಾವಿಗಳ ಮೂಲಕ ಹುಬ್ಬಳ್ಳಿಯತ್ತ ಸಾಗಿದರೆ, ಕರಾವಳಿಯವರಲ್ಲಿ ಹಲವರು ಪನ್ವೇಲಿನಿಂದ ಕೊಂಕಣದ ಹಾದಿ ಹಿಡಿದು, ಹಿಂದೆ 17 ಎಂದು ಕರೆಯುತ್ತಿದ್ದ ಈಗಿನ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾರವಾರ, ಉಡುಪಿ, ಮಂಗಳೂರುಗಳನ್ನು ಸೇರುತ್ತಾರೆ. ಹೊರಡುವ ಮುನ್ನ ಎಂಜಿನ್ ಆಯಿಲ್, ಟೈರು, ಬ್ರೇಕುಗಳನ್ನು ಎಲ್ಲರೂ ನೋಡಿಸುತ್ತೇವೆ. ಆದರೆ ದಿನನಿತ್ಯ ನಮ್ಮ ಕೈಗೂ ಕಣ್ಣಿಗೂ ಸಿಗುವ ದೀಪ, ವೈಪರ್, ಕನ್ನಡಿ, ಆಸನಗಳನ್ನು ಮಾತ್ರ ಸರಿಯಾಗಿಯೇ ಇರುತ್ತವೆಂದು ನಂಬಿಬಿಡುತ್ತೇವೆ.

ಆ ನಂಬಿಕೆಯ ಬೆಲೆಯನ್ನು ನಾನೊಮ್ಮೆ ತೆತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳಿನ ಒಂದು ಸಂಜೆ, ಊರಿನಲ್ಲಿ ದೊಡ್ಡಪ್ಪನವರ ಸ್ಥಿತಿ ವಿಷಮಿಸಿದೆಯೆಂಬ ಸುದ್ದಿ ಬಂದು ಕುಟುಂಬ ಸಮೇತ ಹೊರಟೆ. ಪೋಲಾದಪುರ ದಾಟಿ ಕಶೇಡಿ ಘಾಟಿಯಲ್ಲಿ ಮಳೆ ಜೋರಾದಾಗ, ಚಾಲಕನ ಬದಿಯ ವೈಪರಿನ ರಬ್ಬರು ಸೀಳಿ ಗಾಜಿನ ಮೇಲೆ ಬರಿಯ ನೀರಿನ ಪರದೆ ಉಳಿಯಿತು. ರಸ್ತೆ ಬದಿಯ ಚಹಾದ ಅಂಗಡಿಯೊಂದರ ಮುಂದೆ ಬೆಳಗಿನವರೆಗೆ ಕಾಯಬೇಕಾಯಿತು. ನಾವು ಊರು ಮುಟ್ಟುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಅದಕ್ಕೆ ಎರಡು ವಾರ ಮೊದಲಷ್ಟೇ ಮಾಡಿಸಿದ್ದ ಸರ್ವಿಸಿನ ಚೀಟಿಯಲ್ಲಿ ವೈಪರ್ ಸರಿಯಿದೆಯೆಂದು ಗುರುತು ಹಾಕಲಾಗಿತ್ತು. ಬ್ಯಾಂಕಿನಲ್ಲಿ ಒಂದು ವೋಚರನ್ನೂ ತಾಳೆ ನೋಡದೆ ಬಿಡದ ನಾನು, ಆ ಚೀಟಿಯನ್ನು ಮಾತ್ರ ಓದದೆ ಮಡಚಿಟ್ಟಿದ್ದೆ. ಈ ಲೇಖನಕ್ಕೆ ಆ ರಾತ್ರಿಯೇ ಕಾರಣ. ಯಾವ ಕಾರಿಗಾದರೂ ಅನ್ವಯಿಸುವ ವಿಷಯಗಳನ್ನಷ್ಟೇ ಇಲ್ಲಿ ಸಂಗ್ರಹಿಸಿದ್ದೇನೆ. ವಿವರಗಳಿಗೆ ಅವರವರ ಕಾರಿನ ಕೈಪಿಡಿಯೇ ಪ್ರಮಾಣ.

ಮೊದಲು ಆಸನ

ಹೊಂದಾಣಿಕೆಗೆ ಒಂದು ಕ್ರಮವಿದೆ. ಮೊದಲು ಆಸನ, ಬಳಿಕ ಕನ್ನಡಿ, ಕೊನೆಗೆ ಸೀಟ್ ಬೆಲ್ಟ್. ಆಸನ ಕದಲಿದರೆ ಕಣ್ಣಿನ ಎತ್ತರ ಬದಲಾಗುತ್ತದೆ, ಕಣ್ಣಿನ ಎತ್ತರ ಬದಲಾದರೆ ಕನ್ನಡಿಯಲ್ಲಿ ಕಾಣುವ ನೋಟವೂ ಬದಲಾಗುತ್ತದೆ. ಮನೆಯಲ್ಲಿ ತಂದೆ, ಮಗ, ಸೊಸೆ ಮೂವರೂ ಒಂದೇ ಕಾರನ್ನು ನಡೆಸುವುದಾದರೆ, ಪ್ರತಿಯೊಬ್ಬರೂ ಕುಳಿತೊಡನೆ ಈ ಕ್ರಮವನ್ನು ಹೊಸದಾಗಿ ಅನುಸರಿಸಬೇಕು.

ಬೆನ್ನನ್ನು ಆಸನಕ್ಕೆ ಪೂರ್ತಿಯಾಗಿ ಒರಗಿಸಿ ಕುಳಿತು ಕ್ಲಚ್ಚನ್ನು, ಕ್ಲಚ್ ಇಲ್ಲದ ಕಾರಾದರೆ ಬ್ರೇಕನ್ನು, ಕೊನೆಯವರೆಗೆ ಒತ್ತಿ ನೋಡಿ. ಆಗಲೂ ಮೊಣಕಾಲು ತುಸು ಮಡಿಚಿರಬೇಕು. ಕಾಲು ಪೂರ್ತಿ ನೀಳವಾದರೆ ಆಸನ ಹಿಂದಾಗಿದೆ ಎಂದರ್ಥ. ಭುಜ ಆಸನದಿಂದ ಏಳದಂತೆ ಕೈ ಚಾಚಿದಾಗ ಮಣಿಕಟ್ಟು ಸ್ಟಿಯರಿಂಗಿನ ಮೇಲಂಚನ್ನು ಮುಟ್ಟಬೇಕು. ಎದೆಗೂ ಸ್ಟಿಯರಿಂಗಿನ ನಡುಭಾಗಕ್ಕೂ ಸುಮಾರು 25 ಸೆಂಟಿಮೀಟರ್ ಅಂತರವಿರಲಿ. ಏರ್‌ಬ್ಯಾಗ್ ಕ್ಷಣಾರ್ಧದಲ್ಲಿ ಬಲವಾಗಿ ಉಬ್ಬುವುದರಿಂದ ತೀರ ಹತ್ತಿರ ಕುಳಿತವರಿಗೆ ಅದರಿಂದಲೇ ಪೆಟ್ಟಾಗಬಹುದು.

ತಲೆಯ ಹಿಂದಿನ ಹೆಡ್‌ರೆಸ್ಟ್ ದಿಂಬಲ್ಲ. ಹಿಂದಿನಿಂದ ಇನ್ನೊಂದು ವಾಹನ ಗುದ್ದಿದಾಗ ಕತ್ತು ಹಿಂದಕ್ಕೆ ಜಗ್ಗಿ ಉಳುಕದಂತೆ ತಡೆಯುವ ಸಾಧನ ಅದು. ಅದರ ಮೇಲಂಚು ನೆತ್ತಿಯ ಮಟ್ಟಕ್ಕೆ ಬರುವಂತೆ ಏರಿಸಿಕೊಳ್ಳಬೇಕು. ಆಸನವನ್ನು ಹಿಂದೆ ಮುಂದೆ ಸರಿಸುವುದು ಕಾರು ನಿಂತಿರುವಾಗ ಮಾತ್ರ. ಸರಿಸಿದ ಮೇಲೆ ಒಮ್ಮೆ ಮೈ ಅಲುಗಾಡಿಸಿ, ಕೊಂಡಿ ಕಚ್ಚಿಕೊಂಡಿದೆಯೇ ಎಂದು ನೋಡಬೇಕು.

ಇನ್ನು ಸೀಟ್ ಬೆಲ್ಟಿನ ಮಾತು. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಜಿಲ್ಲೆಯಲ್ಲಿ, ಅಹಮದಾಬಾದ್-ಮುಂಬಯಿ ಹೆದ್ದಾರಿಯಲ್ಲಿ ನಡೆದ ಅಪಘಾತದಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರೂ ಅವರೊಂದಿಗೆ ಹಿಂದಿನ ಆಸನದಲ್ಲಿದ್ದ ಮತ್ತೊಬ್ಬರೂ ಮೃತಪಟ್ಟರು. ಹಿಂದಿದ್ದ ಇಬ್ಬರೂ ಬೆಲ್ಟ್ ಧರಿಸಿರಲಿಲ್ಲವೆಂದು ಪೊಲೀಸರು ತಿಳಿಸಿದರು. ಮುಂದೆ ಇದ್ದ ಇಬ್ಬರು ಗಾಯಗೊಂಡರೂ ಬದುಕುಳಿದರು. ಆ ವರ್ಷದ ನವೆಂಬರ್ 1ರಿಂದ ಮುಂಬಯಿ ಪೊಲೀಸರು ಹಿಂದಿನ ಆಸನದವರಿಗೂ ಬೆಲ್ಟನ್ನು ಕಡ್ಡಾಯಗೊಳಿಸಿದರು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯಿದೆಯಲ್ಲಿ ಬೆಲ್ಟ್ ಧರಿಸದಿದ್ದರೆ 1000 ರೂಪಾಯಿ ದಂಡವಿದೆ. ರೇಶ್ಮೆ ಸೀರೆಯ ನೆರಿಗೆ ಕೆಡುತ್ತದೆಂದೋ, ಹಿರಿಯರಿಗೆ ಬಿಗಿಯಾಗುತ್ತದೆಂದೋ ಹಿಂದೆ ಕುಳಿತವರು ಬೆಲ್ಟನ್ನು ಬದಿಗಿಡುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಆದರೆ ಬೆಲ್ಟಿಲ್ಲದವರು ಅಪಘಾತದಲ್ಲಿ ಮುಂದಿನವರ ಮೇಲೆಯೇ ಎಸೆಯಲ್ಪಡುತ್ತಾರೆ. ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲೆ ಕೂರಬೇಕು. ಗರ್ಭಿಣಿಯರಿಗೂ ಬೆಲ್ಟ್ ಬೇಕು. ಕೆಳಪಟ್ಟಿ ಹೊಟ್ಟೆಯ ಕೆಳಗೆ ಹಾದುಹೋಗಲಿ. ಮಕ್ಕಳನ್ನು ಮುಂದಿನ ಆಸನದಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವ ರೂಢಿಯನ್ನಂತೂ ಇಂದೇ ಬಿಡಬೇಕು.

ಆಸನದ ಆರೈಕೆಯಲ್ಲಿ ಮಳೆಗಾಲದ ಮುಖ್ಯ ಶತ್ರು ತೇವ. ಒದ್ದೆ ಕೊಡೆ, ರೈನ್‌ಕೋಟುಗಳನ್ನು ಆಸನದ ಮೇಲೆ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಬಿಸಿಲು ಕಂಡ ದಿನ ಬಾಗಿಲು ತೆರೆದಿಟ್ಟು ಗಾಳಿಯಾಡಿಸಿ. ಆಸನದ ಬದಿಯಲ್ಲಿ ಏರ್‌ಬ್ಯಾಗ್ ಎಂಬ ಗುರುತಿದ್ದರೆ, ಅದನ್ನು ಮುಚ್ಚುವ ಸಾಮಾನ್ಯ ಸೀಟ್ ಕವರನ್ನು ಹಾಕಿಸಬಾರದು. ಚಾಲಕನ ಆಸನದ ಕೆಳಗೆ ನೀರಿನ ಬಾಟಲಿಯನ್ನು ಎಂದೂ ಇಡಬಾರದು. ಉರುಳಿ ಬ್ರೇಕ್ ಪೆಡಲಿನಡಿ ಸಿಕ್ಕಿಕೊಂಡರೆ ಪೆಡಲು ಇಳಿಯುವುದಿಲ್ಲ.

ಕನ್ನಡಿಗಳು

ಒಳಗಿನ ಕನ್ನಡಿ ಚಪ್ಪಟೆಯಾದದ್ದು. ಹಿಂಬದಿಯ ಗಾಜು ಪೂರ್ತಿಯಾಗಿ ಅದರಲ್ಲಿ ಕಾಣುವಂತೆ ಹೊಂದಿಸಿ. ರಾತ್ರಿ ಹಿಂದಿನ ವಾಹನದ ಬೆಳಕು ಕಣ್ಣಿಗೆ ಚುಚ್ಚಿದಾಗ ಕನ್ನಡಿಯ ಕೆಳಗಿನ ಸಣ್ಣ ಕಡ್ಡಿಯನ್ನು ಎಳೆದರೆ ಪ್ರಖರತೆ ತಗ್ಗುತ್ತದೆ. ಹಗಲಾದೊಡನೆ ಅದನ್ನು ಹಿಂದಿನ ಸ್ಥಿತಿಗೆ ತರುವುದನ್ನು ಮರೆಯಬಾರದು.

ಹೊರಗಿನ ಕನ್ನಡಿಗಳು ಸಾಮಾನ್ಯವಾಗಿ ಉಬ್ಬುಕನ್ನಡಿಗಳು. ಅವುಗಳಲ್ಲಿ ಹೆಚ್ಚು ಜಾಗ ಕಾಣುತ್ತದೆ, ಆದರೆ ವಸ್ತುಗಳು ಚಿಕ್ಕದಾಗಿ ಕಂಡು ದೂರದಲ್ಲಿವೆಯೆಂಬ ಭ್ರಮೆ ಹುಟ್ಟುತ್ತದೆ. ಆದ್ದರಿಂದ ಹಿಂದಿನ ವಾಹನದ ನಿಜವಾದ ದೂರವನ್ನು ಒಳಗಿನ ಕನ್ನಡಿಯಲ್ಲಿ ಅಳೆದು ನೋಡಿಯೇ ಪಥ ಬದಲಿಸಬೇಕು. ಹೊರಕನ್ನಡಿಯಲ್ಲಿ ನಮ್ಮ ಕಾರಿನ ಪಕ್ಕೆ ಒಂದು ಎಳೆಯಷ್ಟು ಮಾತ್ರ ಕಂಡರೆ ಸಾಕು, ಉಳಿದುದೆಲ್ಲ ರಸ್ತೆಯಾಗಿರಲಿ. ಹೀಗೆ ಹೊಂದಿಸಿದರೂ ಯಾವ ಕನ್ನಡಿಗೂ ಸಿಗದ ಕುರುಡು ಜಾಗ ಎರಡೂ ಬದಿಗಳಲ್ಲಿ ಸ್ವಲ್ಪ ಉಳಿಯುತ್ತದೆ. ಸ್ಕೂಟರು, ರಿಕ್ಷಾಗಳು ಎಡದಿಂದ ನುಸುಳುವ ನಮ್ಮ ನಗರಗಳಲ್ಲಿ, ತಿರುಗುವ ಮುನ್ನ ಕತ್ತು ತಿರುಗಿಸಿ ನೋಡುವುದಕ್ಕೆ ಪರ್ಯಾಯವಿಲ್ಲ. ಸೊಸೈಟಿಯ ಇಕ್ಕಟ್ಟಿನ ಪಾರ್ಕಿಂಗಿನಲ್ಲಿ ಮಡಚಿದ ಕನ್ನಡಿಯನ್ನು ಗೇಟು ದಾಟುವ ಮುಂಚೆಯೇ ಬಿಡಿಸಿಕೊಳ್ಳಿ.

ಹಿಂಬದಿಯ ಗಾಜಿನ ಒಳಮೈಯಲ್ಲಿ ಕಾಣುವ ಅಡ್ಡಗೆರೆಗಳು ಮಂಜು ಕರಗಿಸುವ ವಿದ್ಯುತ್ ತಂತುಗಳು. ಅವುಗಳ ಮೇಲೆ ಸಂಘ ಸಂಸ್ಥೆಗಳ ಸ್ಟಿಕ್ಕರ್ ಅಂಟಿಸಿ ಮುಂದೆ ಕೆರೆದು ತೆಗೆದರೆ ತಂತು ಕಿತ್ತುಹೋಗುತ್ತದೆ. ಒರೆಸುವಾಗಲೂ ಗೆರೆಗಳ ಉದ್ದಕ್ಕೇ ಒರೆಸಬೇಕು.

ದೀಪಗಳು

ಜಪಾನಿ ಮತ್ತು ಕೊರಿಯನ್ ಮೂಲದ ಕಂಪನಿಗಳ ಕಾರುಗಳಲ್ಲಿ ದೀಪ ಮತ್ತು ಇಂಡಿಕೇಟರಿನ ಕಡ್ಡಿ ಸಾಮಾನ್ಯವಾಗಿ ಸ್ಟಿಯರಿಂಗಿನ ಬಲಕ್ಕೂ, ವೈಪರಿನದು ಎಡಕ್ಕೂ ಇರುತ್ತದೆ. ಯುರೋಪಿನ ಹಲವು ಕಂಪನಿಗಳ ಕಾರುಗಳಲ್ಲಿ ಇದು ಅದಲುಬದಲು. ಬೇರೆಯವರ ಕಾರನ್ನು ನಡೆಸುವಾಗ ಇದನ್ನು ಮೊದಲೇ ಗಮನಿಸಿ, ಇಲ್ಲವಾದರೆ ಇಂಡಿಕೇಟರಿನ ಬದಲು ವೈಪರ್ ಚಾಲೂ ಆದೀತು.

ಲೋ ಬೀಮ್ ಊರೊಳಗಿನ ಸಂಚಾರಕ್ಕೂ ಎದುರು ವಾಹನವಿರುವಾಗಲೂ ಸಲ್ಲುವ ಬೆಳಕು. ಹೈ ಬೀಮ್ ಕತ್ತಲ ಹೆದ್ದಾರಿಯಲ್ಲಿ ಎದುರಿಗೂ ಮುಂದೆಯೂ ಯಾರೂ ಇಲ್ಲದಾಗ ಮಾತ್ರ. ಎದುರಿನವನು ಡಿಪ್ ಮಾಡದಿದ್ದರೆ ನಾವೂ ಹೈ ಬೀಮ್ ಹಾಕಿ ಸೇಡು ತೀರಿಸಿಕೊಳ್ಳುವುದರಿಂದ ಕಣ್ಣು ಕಾಣದ ಚಾಲಕರು ಇಬ್ಬರಾಗುತ್ತಾರೆ, ಅಷ್ಟೆ. ವೇಗ ತಗ್ಗಿಸಿ ರಸ್ತೆಯ ಎಡ ಅಂಚಿನ ಬಿಳಿ ಗೆರೆಯತ್ತ ದೃಷ್ಟಿಯಿಡುವುದೇ ಉಪಾಯ. ಮಂಜಿನಲ್ಲಿಯೂ ಹೈ ಬೀಮ್ ಬೇಡ. ಆ ಬೆಳಕು ನೀರಿನ ಕಣಗಳಿಗೆ ತಾಗಿ ನಮ್ಮ ಕಣ್ಣಿಗೇ ಮರಳುತ್ತದೆ. ಅಂಬೋಲಿ ಘಾಟಿಯಲ್ಲಿ, ಆಗುಂಬೆಯಲ್ಲಿ ಇದನ್ನು ಅನುಭವಿಸದವರಿಲ್ಲ. ಅಲ್ಲಿ ಲೋ ಬೀಮ್ ಮತ್ತು ಕೆಳಗಿನ ಫಾಗ್ ದೀಪಗಳೇ ಸರಿ.

ನಾಲ್ಕೂ ಇಂಡಿಕೇಟರುಗಳು ಒಟ್ಟಿಗೆ ಮಿನುಗುವ ಹಝಾರ್ಡ್ ದೀಪ ಕೆಟ್ಟು ನಿಂತ ವಾಹನದ ಸೂಚನೆ. ಮಳೆಯಲ್ಲಿ, ಸುರಂಗದಲ್ಲಿ ಅದನ್ನು ಹಾಕಿಕೊಂಡೇ ಓಡುವುದು ತಪ್ಪು. ಆಗ ನಾವು ಎಡಕ್ಕೋ ಬಲಕ್ಕೋ ತಿರುಗುವುದು ಹಿಂದಿನವರಿಗೆ ತಿಳಿಯುವುದೇ ಇಲ್ಲ. ಪುಣೆ ಎಕ್ಸ್‌ಪ್ರೆಸ್ ರಸ್ತೆಯ ಸುರಂಗಗಳಲ್ಲಿ ಹಗಲಿನಲ್ಲಿಯೂ ಲೋ ಬೀಮ್ ಹಾಕಿದರೆ ಸಾಕು.

ಅನೇಕ ಕಾರುಗಳಲ್ಲಿ ಸ್ಟಿಯರಿಂಗಿನ ಬಳಿ 0, 1, 2, 3 ಎಂಬ ಅಂಕಿಗಳ ಸಣ್ಣ ಚಕ್ರವಿರುತ್ತದೆ. ಹಿಂದಿನ ಆಸನದಲ್ಲಿ ಜನ, ಡಿಕ್ಕಿಯಲ್ಲಿ ಸಾಮಾನು ತುಂಬಿದಾಗ ಕಾರಿನ ಮೂತಿ ಮೇಲೆದ್ದು ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಅಂಕಿ ಹೆಚ್ಚಿಸಿದಂತೆ ಬೆಳಕು ಕೆಳಗಿಳಿಯುತ್ತದೆ. ಚಾಲಕನೊಬ್ಬನೇ ಇದ್ದಾಗ 0 ಸರಿ.

ಒಂದೇ ಹೆಡ್‌ಲೈಟ್ ಉರಿಯುವ ಕಾರು ಕತ್ತಲಲ್ಲಿ ಮೋಟಾರ್ ಸೈಕಲಿನಂತೆ ಕಂಡು ಎದುರಿನವರನ್ನು ಮೋಸಗೊಳಿಸುತ್ತದೆ. ಹ್ಯಾಲೊಜೆನ್ ಬಲ್ಬುಗಳಾದರೆ ಒಂದು ಹೋದಾಗ ಎರಡನ್ನೂ ಬದಲಿಸುವುದು ಒಳ್ಳೆಯದು. ಹೊಸ ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಬಾರದು. ಬೆರಳಿನ ಜಿಡ್ಡು ತಾಗಿದ ಜಾಗ ಅತಿಯಾಗಿ ಕಾದು ಬಲ್ಬು ಬೇಗ ಕೆಡುತ್ತದೆ. ಪ್ರಚಲಿತವಾದ ಎಚ್-4 ಬಲ್ಬಿನ ಶಕ್ತಿ 60/55 ವ್ಯಾಟ್. ಅದಕ್ಕಿಂತ ಹೆಚ್ಚಿನ ವ್ಯಾಟಿನ ಬಲ್ಬು ಹಾಕಿದರೆ ಹೋಲ್ಡರು, ತಂತಿಗಳು ಕರಗುವ ಅಪಾಯವಿದೆ. ಫ್ಯೂಸ್ ಹೋದರೆ ಅಷ್ಟೇ ಆಂಪಿಯರಿನದನ್ನೇ ಹಾಕಬೇಕು. ಎಲ್‌ಇಡಿ ದೀಪಗಳಲ್ಲಿ ಸಾಮಾನ್ಯವಾಗಿ ಬಲ್ಬು ಬೇರೆ ಇರುವುದಿಲ್ಲ, ಕೆಟ್ಟರೆ ಇಡೀ ಘಟಕವನ್ನೇ ಬದಲಿಸಬೇಕಾಗಬಹುದು.

ವೈಪರ್‌ಗಳು

ಗಾಜೊರೆಸುವ ಈ ಸಾಧನಕ್ಕೆ ಅಮೆರಿಕದ ಮೇರಿ ಆಂಡರ್ಸನ್ ಎಂಬ ಮಹಿಳೆ 1903ರಲ್ಲಿ ಪೇಟೆಂಟ್ ಪಡೆದರು. ಆಗ ಅದನ್ನು ಒಳಗಿನಿಂದ ಕೈಯಲ್ಲಿ ತಿರುಗಿಸಬೇಕಿತ್ತು. ಇಂದು ಕಡ್ಡಿಯ ಒಂದೊಂದು ಮೆಟ್ಟಿಲಿಗೆ ಒಂದೊಂದು ಕೆಲಸ: ಮಿಸ್ಟ್ ಎಂದರೆ ಒಂದೇ ಸಲ, ಐಎನ್‌ಟಿ ಎಂದರೆ ಬಿಟ್ಟು ಬಿಟ್ಟು, ಎಲ್‌ಓ ನಿಧಾನ, ಎಚ್‌ಐ ವೇಗ. ಒಣ ಗಾಜಿನ ಮೇಲೆ ವೈಪರನ್ನು ಓಡಿಸಬಾರದು. ಸಿಲುಕಿದ ಮರಳಿನ ಕಣ ಗಾಜಿಗೆ ಶಾಶ್ವತ ಗೆರೆ ಕೊರೆಯುತ್ತದೆ. ಮೊದಲು ನೀರು ಚಿಮ್ಮಿಸಬೇಕು.

ಬ್ಲೇಡಿನ ರಬ್ಬರು ಸವೆಯುವುದು ಮಳೆಯಿಂದ ಮಾತ್ರವಲ್ಲ, ಬೇಸಗೆಯ ಬಿಸಿಲಿನಿಂದಲೂ ಹೌದು. ಮೇ ತಿಂಗಳಿಡೀ ಬಿಸಿಲಲ್ಲಿ ಗಟ್ಟಿಯಾದ ರಬ್ಬರು ಜೂನಿನ ಮೊದಲ ಮಳೆಗೆ ಬಿರಿಯುತ್ತದೆ. ಗಾಜಿನ ಮೇಲೆ ಗೆರೆ ಬಿಡುವುದು, ಕೀರಲು ಸದ್ದು, ನಡುಗುತ್ತ ಓಡುವುದು, ಇವು ಬದಲಿಸುವ ಹೊತ್ತಾಯಿತೆಂಬ ಸೂಚನೆಗಳು. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುನ್ನ ಬದಲಿಸುವ ನಿಯಮವಿಟ್ಟುಕೊಂಡರೆ ಯೋಚನೆಯೇ ಬೇಡ. ಎಡಬಲದ ಬ್ಲೇಡುಗಳ ಉದ್ದ ಬೇರೆಯಾಗಿರುವುದುಂಟು, ಅಳತೆ ನೋಡಿಯೇ ಕೊಳ್ಳಿ. ಬ್ಲೇಡ್ ತೆಗೆದ ತೋಳು ಜಾರಿ ಬಡಿದರೆ ಗಾಜು ಬಿರುಕು ಬಿಡುತ್ತದೆ. ಆದ್ದರಿಂದ ಗಾಜಿನ ಮೇಲೆ ದಪ್ಪ ಬಟ್ಟೆ ಹಾಸಿ ಕೆಲಸ ಮಾಡಬೇಕು. ವಾಷರ್ ಡಬ್ಬಿಗೆ ಬಟ್ಟೆ ಒಗೆಯುವ ಸಾಬೂನು ಪುಡಿ ಹಾಕಬಾರದು, ಸಣ್ಣ ರಂಧ್ರಗಳು ಕಟ್ಟಿಕೊಳ್ಳುತ್ತವೆ.

ಮಳೆಯಲ್ಲಿ ಗಾಜಿನ ಒಳಗೆ ಮಂಜು ಕಟ್ಟಿದರೆ ಎ.ಸಿ. ಹಾಕಿ, ಗಾಳಿಯನ್ನು ಮುಂಗಾಜಿನತ್ತ ತಿರುಗಿಸಿ, ಹೊರಗಿನ ಗಾಳಿ ಒಳಬರುವಂತೆ ಇಡಿ. ಮಂಜು ಹೊರಗೆ ಕಟ್ಟಿದರೆ ಕಾರಣ ತದ್ವಿರುದ್ಧ: ಗಾಜು ಅತಿಯಾಗಿ ತಣ್ಣಗಾಗಿದೆ. ಒಮ್ಮೆ ವೈಪರ್ ಆಡಿಸಿ, ಎ.ಸಿ.ಯ ತಂಪನ್ನು ತಗ್ಗಿಸಿ.

ತಾಳೆ ನೋಡುವ ಪಟ್ಟಿ

ವಾರಕ್ಕೊಮ್ಮೆ: ಒದ್ದೆ ಬಟ್ಟೆಯಿಂದ ವೈಪರ್ ರಬ್ಬರು, ಕನ್ನಡಿ, ದೀಪದ ಗಾಜುಗಳನ್ನು ಒರೆಸುವುದು; ವಾಷರ್ ಡಬ್ಬಿಯ ನೀರು ನೋಡುವುದು.

ತಿಂಗಳಿಗೊಮ್ಮೆ: ಒಬ್ಬರು ಒಳಗೆ ಕುಳಿತು, ಇನ್ನೊಬ್ಬರು ಹೊರಗೆ ನಿಂತು ಲೋ, ಹೈ, ಇಂಡಿಕೇಟರ್, ಬ್ರೇಕ್, ರಿವರ್ಸ್ ದೀಪಗಳನ್ನೆಲ್ಲ ಪರೀಕ್ಷಿಸುವುದು, ಬೆಲ್ಟುಗಳನ್ನು ಪೂರ್ತಿ ಎಳೆದು ಹರಿದಿವೆಯೇ ಎಂದು ನೋಡುವುದು.

ವರ್ಷಕ್ಕೊಮ್ಮೆ, ಮೇ ಕೊನೆಗೆ: ವೈಪರ್ ಬ್ಲೇಡ್ ಬದಲಾವಣೆ, ಹೆಡ್‌ಲೈಟಿನ ಕೋನದ ಪರೀಕ್ಷೆ.

ದೂರ ಹೊರಡುವ ಹಿಂದಿನ ದಿನ: ಮೇಲಿನ ಎಲ್ಲವೂ ಇನ್ನೊಮ್ಮೆ, ಹಗಲಿನಲ್ಲಿಯೇ. ಹೆಚ್ಚುವರಿ ಫ್ಯೂಸ್, ಬಲ್ಬು, ಒಂದು ಜೊತೆ ಬ್ಲೇಡ್ ಡಿಕ್ಕಿಯಲ್ಲಿರಲಿ.

ದಿನದ ಕೊನೆಗೆ ನಗದನ್ನು ತಾಳೆ ನೋಡದೆ ಯಾವ ಕ್ಯಾಷಿಯರನೂ ಮನೆಗೆ ಹೊರಡುವುದಿಲ್ಲ. ಊರಿಗೆ ಹೊರಡುವವರಿಗೂ ಅಂಥದೊಂದು ಶಿಸ್ತು ಬೇಕು. ಸರ್ವಿಸಿನ ಚೀಟಿಯಲ್ಲಿನ ಗುರುತನ್ನು ನಂಬಿ, ಆದರೆ ಗಾಜಿನ ಮೇಲೆ ಒಂದು ಚೊಂಬು ನೀರು ಸುರಿದು ವೈಪರನ್ನು ನೀವೇ ಒಮ್ಮೆ ಓಡಿಸಿ ನೋಡಿ. ಎರಡು ನಿಮಿಷದ ಕೆಲಸ ಅದು. ಊರಿನಲ್ಲಿ ದಾರಿ ನೋಡುತ್ತಿರುವ ಹಿರಿಯರನ್ನು ನೀವೆಲ್ಲರೂ ಸಕಾಲದಲ್ಲಿ ಸೇರುವಂತಾಗಲಿ.