ಮಿಸ್ಸೌರಿಯ ಜೋಳದ ದಿಂಡು

ಹಕಲ್‌ಬೆರಿ ಫಿನ್‌ನ ಪೈಪಿಗೆ ಒಂದು ಕಾಸೂ ಖರ್ಚಾಗಿರಲಿಲ್ಲ. ಮಾರ್ಕ್ ಟ್ವೇನ್ 1876ರಲ್ಲಿ ಪ್ರಕಟಿಸಿದ ಟಾಮ್ ಸಾಯರ್ ಕಾದಂಬರಿಯಲ್ಲಿ ಮೂವರು ಹುಡುಗರು ಮನೆ ಬಿಟ್ಟು ಮಿಸ್ಸಿಸ್ಸಿಪ್ಪಿಯ ನಡುಗಡ್ಡೆ ಸೇರುತ್ತಾರೆ. ಅಲ್ಲಿ ಹಕ್ ಮೆಕ್ಕೆಜೋಳದ ದಿಂಡೊಂದನ್ನು ಕೊರೆದು, ಕಳೆಗಿಡದ ಟೊಳ್ಳು ಕಡ್ಡಿ ಸಿಕ್ಕಿಸಿ, ತಂಬಾಕು ತುಂಬಿ ಹೊಗೆ ಬಿಡುತ್ತಾನೆ. ಮಿಕ್ಕ ಇಬ್ಬರಿಗೂ ಆಸೆಯಾಗುತ್ತದೆ. ಅದುವರೆಗೆ ಅವರು ಸೇದಿದ್ದು ದ್ರಾಕ್ಷಿಬಳ್ಳಿಯ ಸಿಗಾರ್ ಮಾತ್ರ. ಹಕ್ ಅವರಿಗೂ ಪೈಪ್ ಮಾಡಿಕೊಡುತ್ತಾನೆ. ಸ್ವಲ್ಪ ಹೊತ್ತಿಗೆಲ್ಲ ಇಬ್ಬರ ಮುಖ ಬಿಳಿಚಿ, ಬಾಯಲ್ಲಿ ನೀರೂರಿ, ಏನೋ ನೆಪ ಹೇಳಿ ಕಾಡಿನ ಕಡೆ ಸರಿಯುತ್ತಾರೆ.

ಸಿಗಾರಿನಿಂದ ಪೈಪಿಗೆ ಬರುವವರ ಮೊದಲ ದಿನವನ್ನು ಇಷ್ಟು ಚೆನ್ನಾಗಿ ಯಾರೂ ಬರೆದಿಲ್ಲ. ಹುಡುಗರ ಕೈಗೆ ಟ್ವೇನ್ ಕೊಟ್ಟ ಆ ದಿಂಡಿನ ಪೈಪ್ ಆತನ ಸೀಮೆಯಲ್ಲಿ ಎಲ್ಲರೂ ಬಲ್ಲ ಸಾಮಾನು. ಟ್ವೇನ್ ಹುಟ್ಟಿದ್ದು ಮಿಸ್ಸೌರಿಯಲ್ಲಿ.

ಅಗ್ಗದ ಪೈಪಿನ ಚರಿತ್ರೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಲಂಡನ್ನಿನ ಪೈಪ್ ತಯಾರಕರಿಗೆ ರಾಜನ ಸನ್ನದು ಸಿಕ್ಕಿದ್ದು 1619ರಲ್ಲಿ. ಹಾಲೆಂಡಿನ ಗೌಡಾ ಪಟ್ಟಣದಲ್ಲಿ ಈ ಕಸುಬಿನವರ ಸಂಘ 1660ರಲ್ಲಿ ಹುಟ್ಟಿತು. ಎರಡೂ ಕಡೆ ಬಿಳಿ ಜೇಡಿಮಣ್ಣಿನದೇ ಕೆಲಸ. ಆಗ ತಂಬಾಕು ತುಟ್ಟಿ, ಹಾಗಾಗಿ ಪೈಪಿನ ಬಟ್ಟಲು ಬೆರಳ ತುದಿಯಷ್ಟು. ತಂಬಾಕು ಅಗ್ಗವಾದಂತೆ ಬಟ್ಟಲು ದೊಡ್ಡದಾಯಿತು, ಕೊಳವೆ ಉದ್ದವಾಯಿತು, ಒಳಗಿನ ತೂತು ಕಿರಿದಾಯಿತು. ಮಣ್ಣಿನ ಪೈಪ್ ಬಿದ್ದರೆ ಒಡೆಯುತ್ತದೆ, ಒಡೆದದ್ದನ್ನು ಯಾರೂ ಎತ್ತಿಡುತ್ತಿರಲಿಲ್ಲ. ಬಿಸಾಡಿದ ಆ ಚೂರುಗಳೇ ಮುಂದೆ ಪುರಾತತ್ತ್ವಜ್ಞರಿಗೆ ಕ್ಯಾಲೆಂಡರ್ ಆದವು. ಅಮೆರಿಕದ ಜೆ.ಸಿ. ಹ್ಯಾರಿಂಗ್ಟನ್ ನೂರಾರು ಕೊಳವೆ ತುಂಡುಗಳ ತೂತನ್ನು ಅಳೆದು, 17ನೇ ಶತಮಾನದ ಆರಂಭದಲ್ಲಿ ಅಂಗುಲದ 64ರಲ್ಲಿ 9 ಭಾಗದಷ್ಟಿದ್ದ ತೂತು 18ನೇ ಶತಮಾನದ ಕೊನೆಗೆ 4 ಭಾಗಕ್ಕೆ ಇಳಿದಿತ್ತೆಂದು 1954ರಲ್ಲಿ ತೋರಿಸಿದ. ಬಡವರು ಸೇದಿ ಎಸೆದ ವಸ್ತುವೊಂದು ಇಷ್ಟು ಕರಾರುವಾಕ್ಕಾಗಿ ಕಾಲ ಹೇಳುವುದು ಬೆರಗಿನ ಸಂಗತಿ.

ಹಣವಿದ್ದವರ ಪೈಪ್ ಬೇರೆ. ತುರ್ಕಿಯ ಎಸ್ಕಿಶೆಹಿರ್ ಸುತ್ತ ನೆಲದಡಿಯಿಂದ ಅಗೆಯುವ ಹಗುರ ಬಿಳಿಕಲ್ಲು ಮೀರ್‌ಶಾಮ್. ಜರ್ಮನ್ ಭಾಷೆಯಲ್ಲಿ ಅದರ ಅರ್ಥ ಸಮುದ್ರದ ನೊರೆ. ವಿಯೆನ್ನಾದ ಕೆತ್ತನೆಗಾರರು ಅದರಲ್ಲಿ ಕುದುರೆ, ಸಿಂಹ, ಸುಂದರಿಯರ ಮುಖಗಳನ್ನು ಬಿಡಿಸಿ ಶ್ರೀಮಂತರಿಗೆ ಮಾರಿದರು. 19ನೇ ಶತಮಾನದ ನಡುವಿನಲ್ಲಿ ಫ್ರಾನ್ಸಿನ ಜುರಾ ಬೆಟ್ಟಗಳ ಸೇಂಟ್ ಕ್ಲೋಡ್ ಊರಿನವರು ಮೆಡಿಟರೇನಿಯನ್ ಸೀಮೆಯ ಪೊದೆಯೊಂದರ ಬೇರುಗಂಟನ್ನು ಕಡೆಯತೊಡಗಿದರು. ಇಂದು ಪೈಪ್ ಎಂದೊಡನೆ ಕಣ್ಣಿಗೆ ಬರುವ ಕಂದು ಮರದ ಬ್ರಯರ್ ಅದೇ.

ದಿಂಡಿನ ಪೈಪಿಗೆ ಮರಳೋಣ. ಮಿಸ್ಸೌರಿ ನದಿಯ ದಂಡೆಯ ವಾಷಿಂಗ್ಟನ್ ಪಟ್ಟಣ ಸೇಂಟ್ ಲೂಯಿಸ್‌ನಿಂದ ಪಶ್ಚಿಮಕ್ಕೆ ಸುಮಾರು 80 ಕಿಲೋಮೀಟರ್. ಜರ್ಮನ್ ವಲಸಿಗರೇ ಹೆಚ್ಚಾಗಿದ್ದ ಆ ಊರಿನಲ್ಲಿ ಹೆನ್ರಿ ಟಿಬ್ಬೆ ಎಂಬ ಡಚ್ ಬಡಗಿ ಚರಕಿ ಹಿಡಿಯುವ ಕೆಲಸ ಮಾಡುತ್ತಿದ್ದ. ಊರಿನವರು ಹೇಳುವ ಕತೆ ಇದು: 1869ರಲ್ಲಿ ಒಬ್ಬ ರೈತ ತಾನು ಚಾಕುವಿನಿಂದ ಕೆತ್ತಿಕೊಂಡ ದಿಂಡಿನ ಪೈಪನ್ನು ತಂದು, ಇದನ್ನು ಚರಕಿಯಲ್ಲಿ ನಯವಾಗಿ ಕಡೆದು ಕೊಡುತ್ತೀಯಾ ಎಂದು ಕೇಳಿದ. ಟಿಬ್ಬೆ ಕಡೆದುಕೊಟ್ಟ, ಇನ್ನಷ್ಟು ಮಾಡಿ ಅಂಗಡಿಯಲ್ಲಿಟ್ಟ. ಅವು ಮಾರಾಟವಾದ ವೇಗಕ್ಕೆ ಬೇರೆ ಕೆಲಸವನ್ನೇ ಬಿಡಬೇಕಾಯಿತು.

ದಿಂಡಿಗೆ ಒಂದು ಕೊರತೆಯಿತ್ತು. ಮೈ ತುಂಬ ಕಾಳು ಕಿತ್ತ ಕುಳಿಗಳು. ಟಿಬ್ಬೆ ಹೊರಮೈಗೆ ಗಾರೆಯಂಥ ಪ್ಲಾಸ್ಟರ್ ತುಂಬಿ ಉಜ್ಜಿ ನಯ ಮಾಡುವ ಉಪಾಯ ಕಂಡುಕೊಂಡು 1878ರಲ್ಲಿ ಪೇಟೆಂಟ್ ಪಡೆದ. ಹಗುರ, ತಂಪಾದ ಹೊಗೆ, ಬಿಳಿಯ ಮೈ. ಧೈರ್ಯವಾಗಿ ‘ಮಿಸ್ಸೌರಿ ಮೀರ್‌ಶಾಮ್’ ಎಂದು ಹೆಸರಿಟ್ಟ. ತುರ್ಕಿಯ ಕಲ್ಲಿನ ಹೆಸರು ಹೀಗೆ ಹೊಲದ ಕಸಕ್ಕೆ ಸಿಕ್ಕಿತು. 1907ರಲ್ಲಿ ಕಂಪನಿಯ ಹೆಸರೇ ಅದಾಯಿತು. 1925ರ ಹೊತ್ತಿಗೆ ವಾಷಿಂಗ್ಟನ್ ಪಟ್ಟಣವಿರುವ ಕೌಂಟಿಯೊಂದರಲ್ಲೇ ಸುಮಾರು ಹನ್ನೆರಡು ದಿಂಡಿನ ಪೈಪ್ ಕಾರ್ಖಾನೆಗಳಿದ್ದವು.

ನಮ್ಮ ದಾವಣಗೆರೆ, ಹಾವೇರಿ ಕಡೆ ಕಾಳು ಬಿಡಿಸಿದ ದಿಂಡು ಒಲೆಗೆ ಹೋಗುತ್ತದೆ. ಮಿಸ್ಸೌರಿಯಲ್ಲಿ ಪೈಪಿಗೆಂದೇ ದಪ್ಪ, ಗಟ್ಟಿ ದಿಂಡಿನ ತಳಿ ಬೆಳೆಯುತ್ತಾರೆ. ಕೊಯ್ದ ದಿಂಡನ್ನು ಎರಡು ವರ್ಷ ಒಣಗಲು ಬಿಟ್ಟು ಆಮೇಲೆ ಕೊರೆಯುತ್ತಾರೆ. ಬೆಲೆ ಅಗ್ಗವಾದರೂ ಕೆಲಸದಲ್ಲಿ ಅವಸರವಿಲ್ಲ.

ಬೆಲೆಗೂ ರುಚಿಗೂ ಇರುವ ಸಂಬಂಧದ ಬಗ್ಗೆ ಟ್ವೇನ್ ಒಂದು ಪ್ರಬಂಧದಲ್ಲಿ ಹೇಳುವ ಪ್ರಸಂಗ ಇಲ್ಲಿ ನೆನಪಾಗುತ್ತದೆ. ಅಗ್ಗದ ಕೆಟ್ಟ ಸಿಗಾರಿಗೆ ಅವನು ಹೆಸರುವಾಸಿ. ಒಮ್ಮೆ ಶ್ರೀಮಂತ ಗೆಳೆಯನ ಮನೆಯಿಂದ ತಲಾ 40 ಸೆಂಟಿನ ಸಿಗಾರುಗಳನ್ನು ತಂದು, ಪಟ್ಟಿ ಕಿತ್ತು, ತನ್ನ ಪೆಟ್ಟಿಗೆಯಲ್ಲಿಟ್ಟು ಗೆಳೆಯರಿಗೆ ಹಂಚಿದ. ಎಲ್ಲರೂ ಮುಖ ಸಿಂಡರಿಸಿ, ನೆಪ ಹೇಳಿ ಎದ್ದುಹೋದರು. ಸಿಗಾರುಗಳು ಅವನ ಮನೆಯ ದಾರಿಯುದ್ದಕ್ಕೂ ಬಿದ್ದಿದ್ದವು.

1945ರ ಆಗಸ್ಟ್ 30ರಂದು ಅಮೆರಿಕದ ಜನರಲ್ ಡಗ್ಲಸ್ ಮೆಕಾರ್ಥರ್ ಸೋತ ಜಪಾನಿನ ಅತ್ಸುಗಿಯಲ್ಲಿ ವಿಮಾನದಿಂದ ಇಳಿದಾಗ ಬಾಯಲ್ಲಿದ್ದದ್ದು ಉದ್ದ ಕೊಳವೆಯ ದಿಂಡಿನ ಪೈಪ್. ಯಾವ ಬ್ರಯರನ್ನಾದರೂ ತರಿಸಬಲ್ಲ ಮನುಷ್ಯ ಆತ. ಆಗ ತೆಗೆದ ಚಿತ್ರದ ಬಲದಿಂದ ರೈತನ ಪೈಪ್ ಲೋಕಪ್ರಸಿದ್ಧವಾಯಿತು.

ಸಿಗಾರ್ ಸೇದುವವರು ಮೊದಲ ಪೈಪಿಗೆ ಇದನ್ನೇ ಆರಿಸಿಕೊಳ್ಳುವುದಕ್ಕೆ ಕಾರಣ ಬೆಲೆ ಮಾತ್ರವಲ್ಲ. ಹೊಸ ಬ್ರಯರನ್ನು ಪಳಗಿಸಬೇಕು, ಒಳಗೆ ಕರಿಯ ಪದರ ಕಟ್ಟುವವರೆಗೆ ಕಾಯಬೇಕು. ದಿಂಡಿಗೆ ಅದು ಬೇಡ, ತೇವವನ್ನು ಅದು ಮೊದಲ ದಿನದಿಂದಲೇ ಹೀರುತ್ತದೆ. ಸಿಗಾರಿನ ಅಭ್ಯಾಸದವರು ಜೋರಾಗಿ ಎಳೆಯುತ್ತಾರೆ. ಪೈಪಿನಲ್ಲಿ ಹಾಗೆ ಎಳೆದರೆ ನಾಲಿಗೆ ಸುಡುತ್ತದೆ, ಬಟ್ಟಲೂ ಸುಡುತ್ತದೆ. ಆ ತಪ್ಪು ಕಲಿಕೆಯ ಭಾಗ. ಒಂದೆರಡು ಒಳ್ಳೆಯ ಸಿಗಾರಿನ ಬೆಲೆಯ ಪೈಪು ಸುಟ್ಟರೆ ಯಾರಿಗೂ ದುಃಖವಾಗದು. ಹಾಗಾಗಿ ದುಬಾರಿ ಬ್ರಯರಿನಿಂದ ಶುರುಮಾಡುವುದು ತಪ್ಪು ಲೆಕ್ಕ.

ಆದರೆ ಇನ್ನೊಂದು ಲೆಕ್ಕವೂ ಇದೆ. ಪೈಪ್ ಸೇದುವವರ ತುಟಿಯ ಕ್ಯಾನ್ಸರನ್ನು ಜರ್ಮನಿಯ ವೈದ್ಯ ಸಾಮ್ಯುವೆಲ್ ಥಾಮಸ್ ಸೋಮರಿಂಗ್ 1795ರಲ್ಲೇ ಗುರುತಿಸಿದ್ದ. 1862ರಲ್ಲಿ ಅಮೆರಿಕದ ಅಂತರ್ಯುದ್ಧದಲ್ಲಿ ಡಾನೆಲ್ಸನ್ ಕೋಟೆ ಗೆದ್ದ ಜನರಲ್ ಯುಲಿಸಿಸ್ ಗ್ರಾಂಟ್‌ಗೆ ಅಭಿಮಾನಿಗಳು ಸಾವಿರಗಟ್ಟಲೆ ಸಿಗಾರ್ ಕಳಿಸಿದರು. ಅಲ್ಲಿಯವರೆಗೆ ಅಷ್ಟಾಗಿ ಸೇದದ ಆತ ಬಿಡಲಾರದಷ್ಟು ಅಂಟಿಕೊಂಡ, 1885ರಲ್ಲಿ ಗಂಟಲಿನ ಕ್ಯಾನ್ಸರಿನಿಂದ ಸತ್ತ. ಸಿಗಾರ್ ಬಿಟ್ಟು ಪೈಪ್ ಹಿಡಿದರೆ ಈ ಅಪಾಯ ಕಳೆಯುವುದಿಲ್ಲ. ಇನ್ನೂ ಶುರುಮಾಡದವರಿಗೆ ಶುರುಮಾಡಲು ಯಾವ ಕಾರಣವೂ ಇಲ್ಲ.

ಟಿಬ್ಬೆಯ ಕಸುಬು ಮಾತ್ರ ನಿಂತಿಲ್ಲ. ವಾಷಿಂಗ್ಟನ್ನಿನ ನದಿದಂಡೆಯ ಹಳೆಯ ಇಟ್ಟಿಗೆ ಕಟ್ಟಡದಲ್ಲಿ ಮಿಸ್ಸೌರಿ ಮೀರ್‌ಶಾಮ್ ಕಂಪನಿ ಇಂದಿಗೂ ದಿಂಡು ಕೊರೆಯುತ್ತಿದೆ.