ಗಡಿ ಸರಿಯಿತು, ಆಸ್ಪತ್ರೆ ಸರಿಯಲಿಲ್ಲ

ನಮ್ಮ ಕಾಸರಗೋಡಿನವರಿಗೆ ಸರಕಾರಿ ಆಸ್ಪತ್ರೆಯಲ್ಲಿ ಕಾಯುವುದೆಂದರೆ ಒ.ಪಿ. ಚೀಟಿಯ ಸಾಲು ಮಾತ್ರವಲ್ಲ. ಕಾಯಿಲೆ ಸ್ವಲ್ಪ ದೊಡ್ಡದಾದರೆ ಮೊದಲು ರೈಲಿಗೆ ಕಾಯಬೇಕು, ಮಂಗಳೂರಿಗೆ ಹೋಗಲು!

ಇದು ಹಳೆಯ ದಾರಿ. ಮಂಗಳೂರಿನ ಸರಕಾರಿ ಆಸ್ಪತ್ರೆ ಆರಂಭವಾದದ್ದು 1848ರಲ್ಲಿ. ಮದ್ರಾಸಿನ ಗವರ್ನರ್ ಆಗಿದ್ದ ಲಾರ್ಡ್ ವೆನ್ಲಾಕ್ ಹೆಸರು ಅದಕ್ಕೆ ಮುಂದೆ ಬಂತು. ಮದ್ರಾಸು ಆಡಳಿತದಲ್ಲಿ ಕಾಸರಗೋಡು ದಕ್ಷಿಣ ಕನ್ನಡದ ತಾಲೂಕಾಗಿದ್ದುದರಿಂದ ಜಿಲ್ಲೆಯ ದೊಡ್ಡಾಸ್ಪತ್ರೆಯೇ ನಮ್ಮ ದೊಡ್ಡಾಸ್ಪತ್ರೆ. 1907ರಲ್ಲಿ ರೈಲೂ ಬಂತು.

1956ರ ನವೆಂಬರ್ 1ರಂದು ನಾವು ಕೇರಳದವರಾದೆವು. ಮರುವರ್ಷ ಕಲ್ಲಿಕೋಟೆಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆಯಿತು ನಿಜ. ಆದರೆ ಮಂಗಳೂರು 50 ಕಿ.ಮೀ. ಆದರೆ ಕಲ್ಲಿಕೋಟೆ ಅದರ ಮೂರು ಪಟ್ಟಿಗೂ ದೂರ. ಕಾಲು ತಾನಾಗಿಯೇ ಬಡಗು ದಿಕ್ಕಿಗೆ ಹೋಗುತ್ತದೆ. 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು, ಆಗಲೂ ವೈದ್ಯಕೀಯ ಕಾಲೇಜಿಲ್ಲ. ಗೇರುತೋಟಗಳ ಮೇಲೆ 2000ದವರೆಗೂ ಆಕಾಶದಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ಇದು! ಎಣ್ಮಕಜೆಯಂಥ ಊರುಗಳ ಮಕ್ಕಳಿಗೆ ತಜ್ಞ ವೈದ್ಯರು ಎಷ್ಟು ಬೇಕಿತ್ತೆಂದು ನಾವು ಬೇರೆ ಹೇಳಬೇಕೆ?

ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರ ನವೆಂಬರ್‌ನಲ್ಲಿ. ಕಟ್ಟಡ ಮುಗಿಯುವ ಮೊದಲೇ 2020ರ ಮಾರ್ಚ್ ಬಂತು. ಕೊರೊನಾ ಕಾರಣಕ್ಕೆ ಕರ್ನಾಟಕವು ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ಹಿಂತಿರುಗಿದವು. ಸಮಯಕ್ಕೆ ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ರಸ್ತೆ ತೆರವಿಗೆ ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ತುರ್ತು ರೋಗಿಗಳನ್ನು ಬಿಡುವ ಕ್ರಮಕ್ಕೆ ಒಪ್ಪಿಗೆಯಾಯಿತು. ಅದೇ ತಿಂಗಳು ಉಕ್ಕಿನಡ್ಕದ ಕಟ್ಟಡ ಕೋವಿಡ್ ಆಸ್ಪತ್ರೆಯಾಗಿ ತೆರೆಯಿತು. ಆರು ವರ್ಷಕ್ಕೂ ಹೆಚ್ಚು ಎಳೆದ ಕೆಲಸಕ್ಕೆ ಆಗ ಎಲ್ಲಿಂದ ವೇಗ ಬಂತೋ! ಅಲ್ಲಿ ಎಂಬಿಬಿಎಸ್‌ಗೆ ಅನುಮತಿ ಸಿಕ್ಕಿದ್ದು 2025ರಲ್ಲಿ, 50 ಸೀಟು.

ಇನ್ನು ಭಾಷೆ. 1969ರ ಕೇರಳದ ಆಡಳಿತ ಭಾಷಾ ಕಾಯ್ದೆಯ ಪ್ರಕಾರ ಕನ್ನಡಿಗರು ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು. ಪತ್ರ ಸರಿ, ಹೊಟ್ಟೆನೋವು? ಅದನ್ನು ಬಾಯಲ್ಲೇ ಹೇಳಬೇಕಲ್ಲ. ತುಳು, ಕನ್ನಡ ಮಾತ್ರ ಬಲ್ಲ ಅಜ್ಜಿ, ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದ ಡಾಕ್ಟರು... ಇಬ್ಬರ ತಪ್ಪೂ ಇಲ್ಲ. ನಡುವೆ ನಿಲ್ಲುವುದು ನಮ್ಮ ಶಾಲೆಯ ಮಕ್ಕಳು. ಮರುದಿನ ಅವರು ತರುವ ರಜಾ ಚೀಟಿಯಲ್ಲಿ ಒಂದೇ ಸಾಲು: ಅಜ್ಜಿಯ ಒಟ್ಟಿಗೆ ಆಸ್ಪತ್ರೆಗೆ ಹೋಗಿದ್ದೆ.